ಕೀಲಿ ಕೊಟ್ಟವರು

ಅಂಗಡಿಯ ಅರವತ್ತು ಗಡಿಯಾರಗಳೂ ಹತ್ತು ಗಂಟೆ ಹತ್ತು ನಿಮಿಷ ತೋರಿಸುತ್ತಿದ್ದವು. ಒಂದೂ ಓಡುತ್ತಿರಲಿಲ್ಲ.

"ಏನ್ ಸಾಹುಕಾರ್ರೇ, ನಿಮ್ಮಂಗಡೀಲಿ ದಿನವಿಡೀ ಒಂದೇ ಟೈಮಾ?" ಬ್ಯಾಗಮ್ಮ ಬೆನ್ನಿನ ಚೀಲವನ್ನು ಇಳಿಸಿ ಸ್ಟೂಲಿನ ಮೇಲೆ ಕೂರಿಸಿ, ತಾನು ನಿಂತೇ ಕೇಳಿದಳು.

"ಹತ್ತೂ ಹತ್ತಕ್ಕೆ ಇಟ್ರೆ ಮುಳ್ಳು ನಗೋ ಹಾಗೆ ಕಾಣುತ್ತೆ ಮೇಡಂ. ನಗೋ ಗಡಿಯಾರನ ಜನ ಕೊಳ್ತಾರೆ." ವಾಚ್ ಅಂಗಡಿಯ ಸಾಹುಕಾರ ಒಂದು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯಲಿಲ್ಲ.

"ಮತ್ತೆ ನಿಮಗೆ ಟೈಮ್ ಬೇಕಾದ್ರೆ?"

ಅವನು ಕತ್ತು ಚಾಚಿ ಬಾಗಿಲಾಚೆ ನೋಡಿದ. ಎದುರಿನ ಮಹಡಿಗಳ ಮೇಲೆ, ಒಣಗಲು ಹಾಕಿದ ಬಟ್ಟೆಗಳ ನಡುವೆ, ಗಡಿಯಾರದ ಗೋಪುರದ ಮೂಡಣ ಮುಖ ಕಾಣುತ್ತಿತ್ತು. ಒಂಬತ್ತೂಕಾಲು.

"ಅದನ್ನೇ ನೋಡೋದು. ಇಡೀ ಊರು ನೋಡೋದೂ ಅದನ್ನೇ. ಇನ್ನು ಮೂರು ಗಂಟೆ ನೋಡ್ಕೊಳ್ಳಲಿ ಬಿಡಿ."

ಹೇಳುವಾಗ ಅವನ ಮೀಸೆಯ ಕೆಳಗೆ ಒಂದು ನಗು ಇಣುಕಿ ಹೋಯಿತು. ಅವನ ಬೆನ್ನ ಹಿಂದೆ ಗೋಡೆಗೆ ಒರಗಿಸಿದ ನಾಲ್ಕು ಮರದ ಪೆಟ್ಟಿಗೆಗಳಿದ್ದವು. ಒಂದೊಂದರಲ್ಲೂ ಒಂದೊಂದು ಕರೆಂಟಿನ ಗಡಿಯಾರ. ಗೋಪುರದ ನಾಲ್ಕು ಮುಖಕ್ಕೆ ನಾಲ್ಕು.

ಎಂಟು ದಿನದ ಹಿಂದೆ ಗೋಪುರದ ಗಡಿಯಾರಕ್ಕೆ ಕೊಡುವ ಕೀಲಿ ಕಾಣೆಯಾದಾಗ ಜನ ಮೊದಲು ಹಿಡಿದದ್ದು ಬೆನ್ನ ಮೇಲೆ ಮೂಟೆ ಹೊತ್ತು ಊರು ಸುತ್ತುತ್ತಿದ್ದ ಈ ಪರಸ್ಥಳದ ಹೆಂಗಸನ್ನೇ. ನಡುಬೀದಿಯಲ್ಲಿ ಅವಳ ಚೀಲ ಕೊಡವಿದ್ದರು. ಬಿದ್ದದ್ದು ಮೂರು ಜೊತೆ ಕಾಲುಚೀಲ, ಒಂದು ಟಾರ್ಚು, ಕಾಲು ನೋವಿನ ಮುಲಾಮು. ಅಂದಿನಿಂದ ಊರಿಗೆಲ್ಲ ಅವಳು ಬ್ಯಾಗಮ್ಮ. ಬೇರೆ ಯಾರಾದರೂ ಆಗಿದ್ದರೆ ಮುನಿಸಿಕೊಂಡು ಮರುದಿನವೇ ಊರು ಬಿಡುತ್ತಿದ್ದರು. ಇವಳು, "ನನ್ನ ಮೇಲೆ ಹಾಕಿದ ಕಳವನ್ನು ನಾನೇ ಹಿಡಿದು ಕೊಡ್ತೀನಿ" ಎಂದು ನಿಂತುಬಿಟ್ಟಳು.

ಅವಳು ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ಲಕ್ಷಾಂತರ ಜನರನ್ನು "ಇಳೀರಿ, ಇಳೀರಿ" ಎಂದು ಇಳಿಸಿದವಳು ತಾನು ಮಾತ್ರ ಎಲ್ಲೂ ಇಳಿದಿರಲಿಲ್ಲ. ನಿವೃತ್ತಿಯಾದ ಮರುವಾರವೇ ಚೀಲ ಬೆನ್ನಿಗೇರಿಸಿ, ಗುರುತಿಲ್ಲದ ಈ ದೊಡ್ಡ ಊರಿಗೆ ಬಂದಿಳಿದು, ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ನಡೆಯುತ್ತಿದ್ದಳು.

"ಕೀಲಿ ಹೋದ ಸೋಮವಾರ ನಾಲ್ಕು ಗಂಟೆಗೆ ಎಲ್ಲಿದ್ರಿ ಸಾಹುಕಾರ್ರೇ?"

"ಇದೇ ಕುರ್ಚೀಲಿ."

"ನೋಡಿದವರು?"

"ಗಿರಾಕಿ ಯಾರೂ ಇರ್ಲಿಲ್ಲ." ಈಗ ಅವನು ಭೂತಗನ್ನಡಿ ತೆಗೆದ. "ಆದ್ರೆ ಪುರಾವೆ ಇದೆ ಮೇಡಂ. ಗಿರಣಿ ಸೈರನ್ ಕೂಗ್ತು. ಅಭ್ಯಾಸದ ಹಾಗೆ ಕತ್ತೆತ್ತಿ ಗೋಪುರ ನೋಡಿದೆ. ನಾಲ್ಕು ಗಂಟೆ ಏಳು ನಿಮಿಷ! ಎಂದೂ ತಪ್ಪದ ಸೈರನ್ನು ಆವತ್ತು ಏಳು ನಿಮಿಷ ತಡ. ಕೂತಲ್ಲಿ ಕೂತಿದ್ದಕ್ಕೆ ಕಂಡಿದ್ದು. ಟೈಮಿನ ವಿಷಯದಲ್ಲಿ ಈ ಕಣ್ಣು ಸುಳ್ಳು ಹೇಳಲ್ಲ."

ಕೇಳಿದ್ದಕ್ಕಿಂತ ಹೆಚ್ಚು ಹೇಳುವ ಪ್ರಯಾಣಿಕನ ಹತ್ತಿರ ಟಿಕೆಟ್ ಇರುವುದಿಲ್ಲ. ಇದು ಬ್ಯಾಗಮ್ಮ ಸರ್ವಿಸಿನ ಮೊದಲ ತಿಂಗಳಲ್ಲೇ ಕಲಿತ ಪಾಠ. ಅದಲ್ಲದೆ 'ಏಳು ನಿಮಿಷ ತಡ' ಎಂಬ ಮಾತನ್ನು ಈ ಊರಿನಲ್ಲಿ ಅವಳು ಹಿಂದೆಲ್ಲೋ ಕೇಳಿದ್ದಳು. ಎಲ್ಲಿ ಎಂಬುದು ಮಾತ್ರ ನಾಲಿಗೆಯ ತುದಿಯಲ್ಲಿದ್ದೂ ಬರುತ್ತಿರಲಿಲ್ಲ.

ಅವಳು ಹೊಸ್ತಿಲಲ್ಲಿ ನಿಂತು ಮೂಡಣ ಮುಖ ನೋಡಿ ತನ್ನ ಕೈಗಡಿಯಾರವನ್ನು ಸರಿಮಾಡಿಕೊಂಡಳು. ಚೀಲ ಬೆನ್ನಿಗೇರಿತು.

"ರೈಟ್!" ಎಂದು ತನಗೆ ತಾನೇ ಹೇಳಿಕೊಂಡು ಬೀದಿಗಿಳಿದಳು.

* * *

ನಡೆಯುವಾಗ ಅವಳಿಗೆ ಮರೆತದ್ದೆಲ್ಲ ನೆನಪಾಗುತ್ತದೆ. ಕೂತರೆ ಇಲ್ಲ.

ಹಾಸಿಗೆ ಹೊಲಿಯುವವರ ಓಣಿಯಲ್ಲಿ ಹತ್ತಿ ಹಾರುತ್ತಿತ್ತು. ಅವಳ ತಲೆಯ ಮೇಲೂ ಒಂದಿಷ್ಟು ಕೂತಿತು. ಕೊಳಾಯಿ ಸಾಮಾನಿನ ಬೀದಿಯಲ್ಲಿ ಇಬ್ಬರು ಉದ್ದನೆಯ ಪೈಪು ಹೊತ್ತು, ಮುಂದಿನವನು ಬಲಕ್ಕೆ, ಹಿಂದಿನವನು ಎಡಕ್ಕೆ ಎಳೆಯುತ್ತ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. "ಎತ್ತು ಏರಿಗೆ, ಕೋಣ ನೀರಿಗೆ!" ಎಂದು ಬ್ಯಾಗಮ್ಮ ಕೂಗಿ ಹೇಳಿದಳು. ಇಬ್ಬರೂ ಜಗಳ ಬಿಟ್ಟು ನಕ್ಕರು. ಮೇಲಿನ ಬಾಲ್ಕನಿಯಿಂದ ಒಬ್ಬಾಕೆ ಹಗ್ಗ ಕಟ್ಟಿದ ಬುಟ್ಟಿ ಇಳಿಸಿ ಬ್ರೆಡ್ಡು ಮೇಲೆಳೆದುಕೊಳ್ಳುತ್ತಿದ್ದಳು. ಇಂಥದ್ದೆಲ್ಲ ಬಸ್ಸಿನ ಕಿಟಕಿಯಿಂದ ಚೂರುಚೂರಾಗಿ ಕಂಡದ್ದು. ಈಗ ನಿಂತು ನೋಡಬಹುದು, ಯಾರೂ ಹಿಂದಿನಿಂದ ಹಾರ್ನ್ ಹಾಕುವುದಿಲ್ಲ. ಅರವತ್ತರ ವಯಸ್ಸಿನಲ್ಲಿ ಇಷ್ಟು ಖುಷಿ ಸಿಕ್ಕೀತೆಂದು ಅವಳು ಎಣಿಸಿರಲಿಲ್ಲ.

ಗೋಪುರವನ್ನು ಬಳಸಿಕೊಂಡು ಪಡುವಣ ಪೇಟೆಗೆ ಬರಲು ನಲವತ್ತು ನಿಮಿಷ ಹಿಡಿಯಿತು. ಅಲ್ಲಿ ಕ್ಷೌರದಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಬೂಟಿನ ದಾರ ಬಿಗಿ ಮಾಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಗಿರಣಿಯ ಸೈರನ್ ಕೂಗಿತು. ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಕೂಗುವ ಸೈರನ್ನು. ಕೈಗಡಿಯಾರ ನೋಡಿದಳು. ಸರಿಯಾಗಿ ಹತ್ತು.

"ಬಂತು ನೋಡಿ," ಎಂದ ಕ್ಷೌರಿಕ, ಗಿರಾಕಿಯ ಕೆನ್ನೆಗೆ ನೊರೆ ಬಳಿಯುತ್ತ. "ಏಳು ನಿಮಿಷ ತಡ. ನಮ್ಮಪ್ಪನ ಕಾಲದಿಂದ್ಲೂ ಇದೇ ಹಾಡು."

ಬ್ಯಾಗಮ್ಮ ತಟ್ಟನೆ ಕತ್ತೆತ್ತಿದಳು. ಗೋಪುರದ ಪಡುವಣ ಮುಖದಲ್ಲಿ ಹತ್ತು ಗಂಟೆ ಏಳು ನಿಮಿಷವಾಗಿತ್ತು.

"ಮೂಡಣದವರು ನಡೆಸೋ ಗಿರಣಿ ಅಲ್ವಾ," ಎಂದ ನೊರೆಯೊಳಗಿನ ಗಿರಾಕಿ. "ನನ್ನ ಹೆಂಡ್ತಿ ತವರು ಆ ಕಡೆ. ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು, ನನ್ನ ಭಾವಮೈದ ಒಂದು ದಿನಾನಾದ್ರೂ ಸರಿಯಾದ ಹೊತ್ತಿಗೆ ಬಂದಿದ್ದಾನಾ? ಯಾವಾಗ್ಲೂ ಏಳು ನಿಮಿಷ ಲೇಟು! ಕೇಳಿದ್ರೆ, ನೀವೇ ಆತುರಗಾರರು ಅಂತಾನೆ."

ಬ್ಯಾಗಮ್ಮನಿಗೆ ನಗು ತಡೆಯಲಾಗಲಿಲ್ಲ. ಬೆಂಚಿನ ಮೇಲೆ ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕ್ಷೌರಿಕ ಕತ್ತಿ ಹಿಡಿದ ಕೈಯನ್ನು ಮೇಲೆತ್ತಿಕೊಂಡು, ನಗು ನಿಲ್ಲುವವರೆಗೆ ಕಾದ.

ಮೂಡಣದವರು ಮೂಡಣ ಮುಖ ನೋಡಿ ಕೈಗಡಿಯಾರ ಸರಿಮಾಡಿಕೊಳ್ಳುತ್ತಾರೆ, ಪಡುವಣದವರು ಪಡುವಣ ಮುಖ ನೋಡಿ. ಎರಡು ಮುಖಕ್ಕೆ ಏಳು ನಿಮಿಷದ ಅಂತರ. ಹುಟ್ಟಿದಾಗಿನಿಂದ ತಂತಮ್ಮ ಮುಖ ನೋಡಿಯೇ ಬದುಕಿದವರಿಗೆ ಅದು ಗೊತ್ತಿಲ್ಲ. ನೆಂಟರನ್ನು ಬೈದುಕೊಂಡು ಹಾಯಾಗಿದ್ದಾರೆ. ಎರಡೂ ಕಡೆ ನಡೆದು ನೋಡಿದವಳು ಊರಿಗೆಲ್ಲ ಇವಳೊಬ್ಬಳೇ.

ಸೈರನ್ ಕೂಗುವಾಗ ನಾಲ್ಕು ಗಂಟೆ ಏಳು ನಿಮಿಷ ಕಾಣುವುದು ಈ ಕಡೆಯಿಂದ ಮಾತ್ರ. ಗೋಪುರಕ್ಕಿರುವುದು ಒಂದೇ ಬಾಗಿಲು, ಅದೂ ಈ ಕಡೆಗೇ. ಸಾಹುಕಾರ ಮೂಡಣದ ತನ್ನ ಕುರ್ಚಿಯಲ್ಲಿ ಆವತ್ತು ಕೂತಿರಲಿಲ್ಲ.

* * *

ಗೋಪುರದ ಬುಡದಲ್ಲಿ, ಬೀಗ ಬಿದ್ದ ಬಾಗಿಲ ಪಕ್ಕದ ಕಟ್ಟೆಯ ಮೇಲೆ, ಗಡಿಯಾರದಜ್ಜ ಕೂತಿದ್ದ. ಬೀದಿಯನ್ನೇ ನೋಡುತ್ತಿದ್ದ.

ನಲವತ್ತಾರು ವರ್ಷದಿಂದ ಆ ಗಡಿಯಾರವನ್ನು ಓಡಿಸಿದವನು ಅವನು. ಗಂಟೆ ಬಡಿಯುವ ಸುತ್ತಿಗೆ ಎಂದೋ ಕಳಚಿ ಬಿದ್ದು ಗಡಿಯಾರ ಮೂಕವಾಗಿದ್ದರೂ ಒಂದು ದಿನವೂ ನಿಂತಿರಲಿಲ್ಲ. ಕೀಲಿಯೆಂದರೆ ಜೇಬಿನಲ್ಲಿಡುವಂಥದ್ದಲ್ಲ; ಮೊಳದುದ್ದದ ಕಬ್ಬಿಣದ ಹಿಡಿಕೆ, ಮೂರು ತಿಂಗಳ ಕೂಸಿನ ಭಾರ. ಅಂಥದ್ದೇ ಇನ್ನೊಂದು ಮಾಡಿಕೊಡಲು ಕಮ್ಮಾರ ಹದಿನೈದು ದಿನ ಕೇಳಿದ್ದ. ಒಮ್ಮೆ ಕೀಲಿ ಕೊಟ್ಟರೆ ಗಡಿಯಾರ ಓಡುವುದು ಎಂಟೇ ದಿನ.

ನಿನ್ನೆ ಪುರಸಭೆಯ ಎಂಜಿನಿಯರ್ ಬಂದು ಬಾಗಿಲಿಗೆ ಬೀಗ ಹಾಕಿ, ಮೇಲೆ ಸಹಿ ಮಾಡಿದ ಚೀಟಿ ಅಂಟಿಸಿ ಹೋಗಿದ್ದ. ಅಜ್ಜನೇ ಕೊಟ್ಟ ಲೆಕ್ಕದಂತೆ ಇಂದು ಹನ್ನೆರಡರ ಹೊತ್ತಿಗೆ ಗಡಿಯಾರ ನಿಂತರೆ ಅದು ಕೆಟ್ಟಿತೆಂದು ಬರೆದು, ಕರೆಂಟಿನದು ಕೂರಿಸುವುದು ಎಂದು ತೀರ್ಮಾನವಾಗಿತ್ತು. ಕರೆಂಟಿನ ಗಡಿಯಾರಕ್ಕೆ ಅಜ್ಜ ಬೇಕಿಲ್ಲ. ಬಾಗಿಲ ಪಕ್ಕದ ಅವನ ಒಂಟಿ ಕೋಣೆಯನ್ನೂ ಖಾಲಿ ಮಾಡಬೇಕು.

"ಅಜ್ಜ, ಪಡುವಣ ಮುಖ ಏಳು ನಿಮಿಷ ಮುಂದಿದೆ," ಎಂದಳು ಬ್ಯಾಗಮ್ಮ, ಪಕ್ಕದಲ್ಲಿ ಕೂತು ಮೆಲ್ಲಗೆ.

ಅಜ್ಜ ಬೆಚ್ಚಿ ಅತ್ತಿತ್ತ ನೋಡಿದ. "ಶ್! ಯಾರಿಗಾದ್ರೂ ಹೇಳಿದ್ಯಾ ತಾಯಿ?"

"ಅಂದ್ರೆ ನಿಮಗೆ ಗೊತ್ತಿತ್ತಾ?"

"ನನಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರ್ಬೇಕು? ನಾನು ಕೆಲಸಕ್ಕೆ ಬರೋ ಮುಂಚೇನೇ ಈ ಕಡೆ ಹಲ್ಲಿನ ಚಕ್ರ ಜಾರಿದೆ. ಹೊಸ ಚಕ್ರ ಎಲ್ಲೂ ಸಿಗಲ್ಲ. ಎಂಜಿನಿಯರ್‌ಗೆ ಗೊತ್ತಾದ್ರೆ ಹನ್ನೆರಡರ ತನಕ ಕಾಯೋದೂ ಇಲ್ಲ, ಕಿತ್ತೇ ಹಾಕ್ತಾರೆ."

"ಇಷ್ಟು ವರ್ಷ ಯಾರೂ ಕಂಡುಹಿಡೀಲಿಲ್ವಾ?"

"ಈ ಊರಲ್ಲಿ ನಿನ್ನ ಹಾಗೆ ಕೆಲಸವಿಲ್ಲದೆ ನಡೆಯೋರು ಯಾರಿದ್ದಾರಮ್ಮ?" ಎಂದು ಅಜ್ಜ ಅಂಥ ಹೊತ್ತಲ್ಲೂ ನಕ್ಕ. ನಕ್ಕವನು ಮತ್ತೆ ಬೀದಿಯ ಕಡೆ ತಿರುಗಿದ.

ಬ್ಯಾಗಮ್ಮನಿಗೆ ಈಗ ಬಾಯಲ್ಲಿ ಬಿಸಿ ತುಪ್ಪ. ಸಾಹುಕಾರನನ್ನು ಹಿಡಿಯಲು ಇರುವ ಪುರಾವೆ ಒಂದೇ, ಆ ಏಳು ನಿಮಿಷ. ಅದನ್ನು ನಾಲ್ಕು ಜನರ ಮುಂದೆ ಆಡಿದರೆ ಕಳ್ಳನ ಜೊತೆ ಅಜ್ಜನೂ ಬೀದಿಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಅವನೊಬ್ಬನನ್ನೇ ಎಲ್ಲಾದರೂ ಹಿಡಿದು ಮಾತಾಡಬೇಕು.

"ಯಾರನ್ನ ಕಾಯ್ತಿದ್ದೀರಿ ಅಜ್ಜ?"

"ಯಾರನ್ನೂ ಇಲ್ಲ."

ಅಷ್ಟು ಬೇಗ ಬಂದ ಉತ್ತರ ಬ್ಯಾಗಮ್ಮನಿಗೆ ಹಿಡಿಸಲಿಲ್ಲ. ಆದರೆ ಕೇಳಲು ಹೊತ್ತಿರಲಿಲ್ಲ.

* * *

ಸಾಹುಕಾರನನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಹನ್ನೊಂದರ ಹೊತ್ತಿಗೆ ಅವನೇ ನಾಲ್ಕು ಪೆಟ್ಟಿಗೆಗಳನ್ನು ತಳ್ಳುಗಾಡಿಯ ಮೇಲೆ ಹೇರಿಸಿಕೊಂಡು ಬಂದ. ಗಡಿಯಾರ ಇನ್ನೂ ಬದುಕಿತ್ತು. ಇವನು ಆಗಲೇ ಬದಲಿ ಗಡಿಯಾರ ತಂದಾಗಿತ್ತು.

ಗೋಪುರದ ಬಾಗಿಲಿನ ಎದುರು ಸಂದಿಯಲ್ಲಿ ಗಾಡಿ ಸಿಕ್ಕಿಕೊಂಡಿತು. ಗಾಡಿಯವನು ಜನ ಕರೆತರಲು ಹೋದ. ಬ್ಯಾಗಮ್ಮ ಸಂದಿಯ ಬಾಯಿಗೆ ಚೀಲದ ಸಮೇತ ಅಡ್ಡ ನಿಂತಳು. ಆ ಚೀಲ ದಾಟಿ ಬೆಕ್ಕೂ ನುಸುಳುವಂತಿರಲಿಲ್ಲ.

"ಟಿಕೆಟ್ ತೋರಿಸಿ ಸಾಹುಕಾರ್ರೇ."

"ಏನ್ ಟಿಕೆಟ್ಟು?"

"ಮೇಲೆ ನೋಡಿ. ಟೈಮೆಷ್ಟು?"

ಅವನು ನೋಡಿದ. "ಹನ್ನೊಂದೂ ಹದಿನೇಳು."

"ಈಗ ಇದು ನೋಡಿ." ಅವಳು ತನ್ನ ಕೈ ಮುಂದೆ ಹಿಡಿದಳು. "ಬೆಳಿಗ್ಗೆ ನಿಮ್ಮ ಹೊಸ್ತಿಲಲ್ಲೇ ನಿಂತು ಸರಿಮಾಡಿಕೊಂಡಿದ್ದು."

ಹನ್ನೊಂದೂ ಹತ್ತು. ಸಾಹುಕಾರ ಒಮ್ಮೆ ಕೈ ನೋಡಿದ, ಒಮ್ಮೆ ಗೋಪುರ ನೋಡಿದ. ಅವನ ಕೈ ತಾನಾಗಿಯೇ ಜೇಬಿನ ಭೂತಗನ್ನಡಿಗೆ ಹೋಯಿತು. ಬಾಯಿ ಮಾತ್ರ ತೆರೆದೇ ಇತ್ತು.

"ಸೈರನ್ನು ತಡ ಆಗಿರ್ಲಿಲ್ಲ," ಎಂದಳು ಬ್ಯಾಗಮ್ಮ. "ನೀವು ನೋಡಿದ ಮುಖ ಬೇರೆ. ನಿಮ್ಮ ಕುರ್ಚೀಲಿ ಕೂತು ನೋಡಿದ್ರೆ ಸರಿಯಾಗಿ ನಾಲ್ಕು ಗಂಟೆ ಕಾಣ್ಬೇಕಿತ್ತು. ಏಳು ನಿಮಿಷ ಜಾಸ್ತಿ ಕಾಣೋದು ಈ ಬಾಗಿಲ ಮುಂದೆ ನಿಂತವರಿಗೆ."

ಸಾಹುಕಾರ ಮೆತ್ತಗಾಗುತ್ತಾನೆ ಎಂದು ಅವಳು ಎಣಿಸಿದ್ದಳು. ಅವನ ಮುಖ ಅರಳಿತು.

"ಅಂದ್ರೆ ಗಡಿಯಾರ ಕೆಟ್ಟಿದೆ!" ಅವನು ಕೈ ಕೈ ಉಜ್ಜಿಕೊಂಡ. "ಒಂದೇ ಗೋಪುರ, ಎರಡು ಟೈಮು! ಅಯ್ಯೋ, ಇದು ಮೊದಲೇ ಗೊತ್ತಿದ್ರೆ! ಈಗ್ಲೇ ಎಂಜಿನಿಯರ್ ಸಾಹೇಬ್ರಿಗೆ ಹೇಳ್ತೀನಿ, ದಾರಿ ಬಿಡಿ."

"ಧಾರಾಳವಾಗಿ ಹೇಳಿ." ಬ್ಯಾಗಮ್ಮ ಒಂದು ಹೆಜ್ಜೆ ಸರಿದು ದಾರಿ ಬಿಟ್ಟೇಬಿಟ್ಟಳು. "ಹೇಗೆ ಗೊತ್ತಾಯ್ತು ಅಂತ ಕೇಳ್ತಾರೆ. ಕೀಲಿ ಹೋದ ಹೊತ್ತಲ್ಲಿ ನಾನು ಬಾಗಿಲ ಮುಂದೇನೇ ನಿಂತಿದ್ದೆ ಸ್ವಾಮಿ, ಆಗ ಗೊತ್ತಾಯ್ತು ಅನ್ನಿ."

ಸಾಹುಕಾರ ಎರಡು ಹೆಜ್ಜೆ ನಡೆದ. ಮೂರನೆಯದು ಏಳಲಿಲ್ಲ. ತಾನು ತೋಡಿದ ಹಳ್ಳದ ಆಳ ಅವನಿಗೆ ಈಗ ಕಂಡಿತು. ಅವನು ಬಾಯಿಬಿಟ್ಟರೆ ಅವನು ಸಿಕ್ಕಿಬೀಳುತ್ತಾನೆ, ಇವಳು ಬಾಯಿಬಿಟ್ಟರೆ ಅಜ್ಜ ಸಿಕ್ಕಿಬೀಳುತ್ತಾನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

"ಕೀಲಿ ಎಲ್ಲಿ?" ಎಂದಳು ಬ್ಯಾಗಮ್ಮ.

"ನನ್ನ ಹತ್ರ ಇಲ್ಲ."

"ಸಾಹುಕಾರ್ರೇ..."

"ಇಲ್ಲ ಅಂದ್ರೆ ಇಲ್ಲ ಮೇಡಂ!" ಅವನು ತಳ್ಳುಗಾಡಿಯ ತುದಿಯ ಮೇಲೆ ಕುಸಿದು ಕೂತ. "ಕದಿಯೋಕೆ ಅಂತ ಬಂದಿದ್ದು ನಿಜ. ಸುಳ್ಳು ಯಾಕೆ ಹೇಳ್ಲಿ? ಅಜ್ಜ ಆ ಹೊತ್ತಿಗೆ ಚಹಾಕ್ಕೆ ಹೋಗ್ತಾನೆ, ಬಾಗಿಲು ತೆಗೆದಿರುತ್ತೆ ಅಂತ ಗೊತ್ತಿತ್ತು. ಸೈರನ್ ಕೂಗಿದಾಗ ಈ ಸಂದೀಲಿ ನಿಂತಿದ್ದೆ. ಆಮೇಲೆ ಒಳಗೆ ಹೋಗಿ ನೋಡ್ತೀನಿ, ಕೀಲಿ ನೇತುಹಾಕೋ ಮೊಳೆ ಖಾಲಿ! ನನಗಿಂತ ಮುಂಚೆ ಯಾರೋ ಕೆಲಸ ಮುಗಿಸಿದ್ರು."

"ಯಾರನ್ನಾದ್ರೂ ನೋಡಿದ್ರಾ?"

"ಒಬ್ರು ವಯಸ್ಸಾದ ಹೆಂಗಸು ಬೀದಿ ಕಡೆ ಹೋಗ್ತಿದ್ರು. ಬೆನ್ನು ಮಾತ್ರ ಕಂಡಿದ್ದು. ಬಟ್ಟೆ ಸುತ್ತಿದ್ದ ಏನನ್ನೋ ಎರಡೂ ಕೈಯಲ್ಲಿ ಎದೆಗವಚಿಕೊಂಡಿದ್ರು, ಕೂಸು ಎತ್ತಿಕೊಂಡ ಹಾಗೆ. ಅದೇನೋ ಹಾಡು ಗುನುಗ್ತಾ ಇದ್ರು."

"ಗುನುಗ್ತಾ?"

"ಹೌದು ಮೇಡಂ. ಅದಕ್ಕೇ ಅನುಮಾನ ಬರ್ಲಿಲ್ಲ. ಕದ್ದವರು ಗುನುಗ್ತಾರಾ? ನನಗಂತೂ ಕದಿಯೋ ಮುಂಚೇನೇ ಕೈಕಾಲು ನಡುಗ್ತಿತ್ತು."

ಟಿಕೆಟಿಲ್ಲದವನ ಕಣ್ಣು ಹೇಗಿರುತ್ತದೆಂದು ಬ್ಯಾಗಮ್ಮನಿಗೆ ಗೊತ್ತು. ಬೆಳಿಗ್ಗೆ ಇವನ ಕಣ್ಣು ಹಾಗಿತ್ತು. ಈಗ ಹಾಗಿರಲಿಲ್ಲ. ಅವಳಿಗೆ ಸಿಟ್ಟೂ ಬಂತು, ಒಂದು ಬಗೆಯ ಕನಿಕರವೂ ಬಂತು. ಕಳ್ಳನಾಗಲು ಹೋಗಿ ಅದೂ ಆಗದೆ ಬಂದ ಮನುಷ್ಯ.

* * *

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಎಂಜಿನಿಯರ್ ಬಂದ. ನಲವತ್ತರ ಆಸುಪಾಸಿನ ಅಚ್ಚುಕಟ್ಟಾದ ಮನುಷ್ಯ. ಒಂದು ಕೈಯಲ್ಲಿ ಕಡತ, ಇನ್ನೊಂದರಲ್ಲಿ ಊಟದ ಡಬ್ಬಿ. ಗೋಪುರದ ಮುಂದೆ ಆಗಲೇ ಮುನ್ನೂರು ಜನ ಸೇರಿದ್ದರು. ಮೂಡಣದವರು ಇನ್ನೂ ಬರುತ್ತಲೇ ಇದ್ದರು.

ಎಂಜಿನಿಯರ್ ತಲೆಯೆತ್ತಿ ಪಡುವಣ ಮುಖ ನೋಡಿದ. ಆಮೇಲೆ ತನ್ನ ಕೈಗಡಿಯಾರ ನೋಡಿದ. ಹುಬ್ಬು ಗಂಟಾಯಿತು.

ಅಜ್ಜ ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಏನ್ರೀ ಸಾಹುಕಾರ್ರೇ, ನಿಮ್ಮಂಗಡಿ ವಾಚು ಇದು," ಎಂದ ಎಂಜಿನಿಯರ್. "ಕೊಂಡು ಒಂದು ತಿಂಗಳಾಗಿಲ್ಲ, ಆಗ್ಲೇ ಏಳು ನಿಮಿಷ ಹಿಂದೆ!" ಎಂದವನೇ ತಿರುಪು ತಿರುಗಿಸಿ ಮುಳ್ಳನ್ನು ಮುಂದಕ್ಕೆ ತಳ್ಳಿಕೊಂಡ.

ಸಾಹುಕಾರನ ಮುಖ ಕೆಂಪಾಯಿತು. ಸರಿಯಾದ ವಾಚನ್ನು ತನ್ನ ಕಣ್ಣೆದುರಿಗೇ ಕೆಡಿಸಿದರೂ ಬಾಯಿಬಿಡುವಂತಿಲ್ಲ. "ಕಳಿಸಿಕೊಡಿ ಸಾಹೇಬ್ರೇ, ರಿಪೇರಿ ಮಾಡ್ತೀನಿ," ಎಂದ ಸತ್ತ ದನಿಯಲ್ಲಿ. ಬ್ಯಾಗಮ್ಮ ಬಗ್ಗಿ ಬೂಟಿನ ದಾರ ಕಟ್ಟುವ ನೆಪದಲ್ಲಿ ನಗು ನುಂಗಿಕೊಂಡಳು.

ಎಂಜಿನಿಯರ್ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಕಡತ ಬಿಚ್ಚಿದ. "ನಿಯಮದ ಪ್ರಕಾರ ಎಲ್ಲರ ಮುಂದೆ ಓದಬೇಕು. ಗಡಿಯಾರದ ಅಜ್ಜನ ಹೇಳಿಕೆ. 'ಸೋಮವಾರ ಸಂಜೆ ನಾಲ್ಕು ಗಂಟೆಗೆ ಕೀಲಿ ಕೊಟ್ಟೆ. ಆಮೇಲೆ ಕೀಲಿಯನ್ನು ನಾನು ನೋಡಿಲ್ಲ.' ಇಷ್ಟೇ. ಕೆಳಗೆ ಸಹಿ."

ಜನ ಲೊಚಗುಟ್ಟಿದರು. ಪಾಪ, ಎಂದಿನಂತೆ ಕೀಲಿ ಕೊಟ್ಟು ಕೆಳಗಿಳಿದಿದ್ದಾನೆ, ಅಷ್ಟರಲ್ಲಿ ಯಾರೋ ಹೊಡೆದಿದ್ದಾರೆ.

ಬ್ಯಾಗಮ್ಮನ ಕೈ ಬೂಟಿನ ದಾರದ ಮೇಲೇ ನಿಂತಿತು.

ನಾಲ್ಕು ಗಂಟೆಗೆ? ಸೋಮವಾರ ನಾಲ್ಕಕ್ಕೆ ಕೀಲಿ ಕೊಟ್ಟಿದ್ದರೆ ಎಂಟು ದಿನದ ಲೆಕ್ಕಕ್ಕೆ ಗಡಿಯಾರ ಇಂದು, ಮಂಗಳವಾರ, ಸಂಜೆವರೆಗೆ ಓಡಬೇಕು. ಹನ್ನೆರಡಕ್ಕೆ ನಿಲ್ಲುತ್ತದೆಂದು ಎಂಜಿನಿಯರ್‌ಗೆ ಹೇಳಿದ್ದೂ ಇದೇ ಅಜ್ಜ. ಹಾಗಾದರೆ ಗಡಿಯಾರಕ್ಕೆ ಕೀಲಿ ಕೊಟ್ಟದ್ದು ಮಧ್ಯಾಹ್ನ ಹನ್ನೆರಡಕ್ಕೇ ಆಗಿರಬೇಕು. ನಾಲ್ಕಕ್ಕೆ ಕೊಟ್ಟದ್ದು ಗಡಿಯಾರಕ್ಕಲ್ಲ.

ಅಜ್ಜ ಕೀಲಿಯನ್ನು ಯಾರ ಕೈಗೋ ಕೊಟ್ಟಿದ್ದ. ಹಾಗೆಂದು ಬಾಯಿಬಿಟ್ಟು ಹೇಳಿ ಸಹಿಯನ್ನೂ ಹಾಕಿದ್ದ. ಕಳುವಾಯಿತು ಎಂದು ಅವನು ಒಂದು ಸಲವೂ ಅಂದಿರಲಿಲ್ಲ, ಅಂದದ್ದೆಲ್ಲ ಊರವರು.

ಅವಳು ಎದ್ದು ಅಜ್ಜನ ಪಕ್ಕ ಹೋಗಿ ಕಿವಿಯ ಹತ್ತಿರ ಬಾಗಿದಳು. "ಯಾರಿಗೆ ಕೊಟ್ರಿ ಅಜ್ಜ?"

ಅಜ್ಜನ ಕಿವಿ ಕೆಂಪಾಯಿತು. "ನಾನು ಸುಳ್ಳು ಹೇಳಿಲ್ಲ ತಾಯಿ."

"ಹೇಳಿಲ್ಲ, ಒಪ್ಪಿದೆ. ಯಾರಿಗೆ?"

"ಹಳೇ ನೆನಪಿಗೆ ಒಂದು ವಾರ ಇಟ್ಕೋತೀನಿ ಅಂತ ಕೇಳಿದ್ರು. ಇನ್ನೊಂದು ಸೋಮವಾರ ಬೆಳಿಗ್ಗೆ ತಂದುಕೊಡ್ತೀನಿ ಅಂದ್ರು. ಬರಲಿಲ್ಲ." ಅವನ ಕಣ್ಣು ಇನ್ನೂ ಬೀದಿಯ ತುದಿಯಲ್ಲೇ ಇತ್ತು. "ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಗೋಪುರ ಹೋಗುತ್ತಲ್ಲ ಅಜ್ಜ! ಕೋಣೆ ಹೋಗುತ್ತೆ!"

"ಹೋಗಲಿ. ಕೀಲಿ ಕೊಟ್ಟ ಮೇಲೆ ಮಾತೂ ಕೊಟ್ಟೆ. ಎರಡರಲ್ಲಿ ಒಂದಾದ್ರೂ ನನ್ನ ಹತ್ರ ಉಳೀಲಿ."

ಈ ಎಂಟು ದಿನದಲ್ಲಿ ಬ್ಯಾಗಮ್ಮ ಈ ಊರಿನ ಎಷ್ಟೋ ಬೀದಿ ನಡೆದಿದ್ದಳು; ಬಿಟ್ಟುಹೋಗಲು ಮನಸ್ಸಾಗದಿದ್ದದ್ದು ಈ ಮುದುಕ ಕೂತ ಕಟ್ಟೆಯೊಂದನ್ನೇ. ಅವಳು ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲೇ ಕೂತಳು. ಬೇರೇನು ಮಾಡಬೇಕೋ ತಿಳಿಯಲಿಲ್ಲ.

"ನಿಶ್ಶಬ್ದ!" ಎಂದ ಎಂಜಿನಿಯರ್.

ಮುನ್ನೂರು ಜನ ಬಾಯಿ ಮುಚ್ಚಿದರು. ಗೋಪುರದೊಳಗಿನ ಲೋಲಕದ ಸದ್ದು ಬಾಗಿಲಾಚೆಗೂ ಕೇಳತೊಡಗಿತು. ಟಕ್... ಟಕ್... ಪ್ರತಿ ಸದ್ದಿಗೂ ಇದೇ ಕೊನೆಯದೇನೋ ಎನ್ನಿಸುತ್ತಿತ್ತು. ಅಜ್ಜ ಕಣ್ಣು ಮುಚ್ಚಿದ. ಸಾಹುಕಾರ ಪೆಟ್ಟಿಗೆಯ ಮೇಲೆ ಕೈಯಿಟ್ಟ; ಮುಖದಲ್ಲಿ ಬೆಳಗಿನ ನಗು ಇರಲಿಲ್ಲ.

ಟಕ್... ಟಕ್...

ಆಮೇಲೆ ಇನ್ನೊಂದು ಸದ್ದು. ಮೇಲಿನಿಂದ, ಗೋಪುರದ ಒಳಗಿನಿಂದ, ಹಲ್ಲಿಗೆ ಹಲ್ಲು ಕಚ್ಚುತ್ತ ಚಕ್ರ ತಿರುಗುವ ಸದ್ದು.

ಟರ್... ಟರ್... ಟರ್...

ಅಜ್ಜನ ಕಣ್ಣು ತೆರೆಯಿತು. "ಕೀಲಿ!" ಅವನು ಎದ್ದು ನಿಂತೇಬಿಟ್ಟ. "ಯಾರೋ ಕೀಲಿ ಕೊಡ್ತಿದ್ದಾರೆ!"

ಮುನ್ನೂರು ಜನರಿಂದ ಒಮ್ಮೆಲೇ ಎದ್ದ ಕೇಕೆಗೆ ಪಾರಿವಾಳಗಳು ಗೋಪುರ ಬಿಟ್ಟು ಹಾರಿದವು. ಕ್ಷೌರಿಕ ಹೆಗಲ ಮೇಲಿನ ಟವೆಲ್ಲನ್ನೇ ಬೀಸಿದ. ಆಗಷ್ಟೇ ಬಂದ ಮೂಡಣದವರು ಏನಾಯಿತೆಂದು ಕೇಳದೆಯೇ ಕುಣಿಯತೊಡಗಿದರು. ಬ್ಯಾಗಮ್ಮ ಬಸ್ಸಿನಲ್ಲಿ ಹೊಡೆಯುತ್ತಿದ್ದಂಥ ಉದ್ದನೆಯ ಸೀಟಿ ಹೊಡೆದಳು.

ಎಂಜಿನಿಯರ್ ಒಬ್ಬನೇ ಬಿಳಿಚಿಕೊಂಡಿದ್ದ. ಬಾಗಿಲಿಗೆ ಅಂಟಿಸಿದ ಚೀಟಿಯನ್ನು ಬೆರಳಿನಿಂದ ಸವರಿ ನೋಡಿದ. ಹರಿದಿರಲಿಲ್ಲ. ಬೀಗ ಎಳೆದು ನೋಡಿದ. ಬಿಗಿಯಾಗಿಯೇ ಇತ್ತು. ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಚೀಟಿ ಹರಿದು, ಬೀಗ ತೆಗೆದು ಬಾಗಿಲು ತಳ್ಳಿದ.

ಟರ್ ಟರ್ ಸದ್ದು ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆಗಳು ಇಳಿಯತೊಡಗಿದವು. ನಿಧಾನ, ಒಂದೊಂದೇ ಮೆಟ್ಟಿಲು. ಜೊತೆಗೆ ಯಾವುದೋ ಹಾಡಿನ ಗುನುಗು.

"ಅವರೇ!" ಎಂದು ಸಾಹುಕಾರ ಬ್ಯಾಗಮ್ಮನ ತೋಳು ಹಿಡಿದ. "ಅದೇ ಹಾಡು ಮೇಡಂ!"

ಮೆಟ್ಟಿಲ ತಿರುವಿನಲ್ಲಿ ಒಬ್ಬ ಹಿರಿಯಾಕೆ ಕಾಣಿಸಿಕೊಂಡಳು. ಬಿಳಿಗೂದಲು ಕೆದರಿತ್ತು, ಮುಖವೆಲ್ಲ ಬೆವರು, ಕೈತುಂಬ ಗ್ರೀಸು, ಎದೆಗೆ ಅವಚಿಕೊಂಡ ಮೊಳದುದ್ದದ ಕಬ್ಬಿಣದ ಕೀಲಿ. ಕೊನೆಯ ಮೆಟ್ಟಿಲ ಮೇಲೆ ಉಸ್ಸೆಂದು ಕೂತು ಬಾಗಿಲಲ್ಲಿ ತುಂಬಿದ ಜನರನ್ನೆಲ್ಲ ಒಮ್ಮೆ ನೋಡಿದಳು.

"ಒಂದು ದಿನ ತಡ ಆಯ್ತು, ತಪ್ಪಾಯ್ತು," ಎಂದಳು ಅಜ್ಜನಿಗೆ. "ಪೂರ್ತಿ ಸುತ್ತಿದ್ದೀನಿ. ಇನ್ನೆಂಟು ದಿನ ಚಿಂತೆಯಿಲ್ಲ."

ಎಪ್ಪತ್ತು ದಾಟಿದ ಅಜ್ಜನ ಮುಖದಲ್ಲಿ ಇಪ್ಪತ್ತರ ಹುಡುಗನ ನಾಚಿಕೆ ಕಂಡು ಬ್ಯಾಗಮ್ಮ ಕಣ್ಣರಳಿಸಿದಳು.

"ಅಮ್ಮಾ!"

ಕೂಗಿದವನು ಎಂಜಿನಿಯರ್. ಅವನ ಕೈಯಿಂದ ಕಡತ ಜಾರಿ ಹಾಳೆಗಳೆಲ್ಲ ಚೆಲ್ಲಿದವು.

"ನೀನಾ ಅಮ್ಮಾ? ಬೆಳಿಗ್ಗೆ ನನಗೆ ಡಬ್ಬಿ ಕಟ್ಟಿಕೊಟ್ಟಿದ್ದು ನೀನು! ಬೀಗ ಹಾಕಿದ್ದು ನಾನು! ಇರೋದು ಒಂದೇ ಬಾಗಿಲು, ಚೀಟಿ ಹರಿದಿಲ್ಲ... ಒಳಗೆ ಹೇಗೆ ಬಂದೆ?"

ಹಿರಿಯಾಕೆ ಮಗನ ಕಡೆ ನೋಡಲಿಲ್ಲ. ಸೆರಗಿನಲ್ಲಿ ಕೈಯ ಗ್ರೀಸು ಒರೆಸಿಕೊಳ್ಳುತ್ತ ಅಜ್ಜನನ್ನೇ ನೋಡಿದಳು.

"ಅವರನ್ನೇ ಕೇಳಪ್ಪ," ಎಂದಳು. "ಆ ದಾರಿ ನನಗೆ ತೋರಿಸಿಕೊಟ್ಟಿದ್ದು ಅವರೇ. ನೀನು ಹುಟ್ಟೋಕೆ ಮುಂಚೆ."